ಉಪ್ಪ ದುಬೈಯಲ್ಲಿ, ಅರ್ಜಿ ಹಾಸನದಲ್ಲಿ

ಮದ್ರಸಾದ ಹೊಸ ವರ್ಷದ ದಾಖಲಾತಿ ಶವ್ವಾಲ್ ತಿಂಗಳಲ್ಲಿ ನಡೆಯುತ್ತದೆ. ಫಾರಂನಲ್ಲಿ ತಂದೆಯ ಹೆಸರು, ತಂದೆಯ ಉದ್ಯೋಗ ಎಂಬ ಎರಡು ಕಾಲಂ ಇವೆ. ಈ ಸಲ ಹೊಳೆನರಸೀಪುರದ ಒಬ್ಬ ಹುಡುಗಿ, ಆರನೇ ಕ್ಲಾಸಿನವಳು, ಉದ್ಯೋಗದ ಕಾಲಂನಲ್ಲಿ 'ದುಬೈ' ಎಂದು ಬರೆದುಕೊಂಡು ಬಂದಳು.

"ದುಬೈ ಊರಲ್ವ ಮೋಳೇ, ಕೆಲಸ ಏನು?" ಎಂದು ಕೇಳಿದೆವು.

"ಗೊತ್ತಿಲ್ಲ ಉಸ್ತಾದ್. ಉಮ್ಮನಿಗೂ ಗೊತ್ತಿಲ್ಲ" ಅಂದಳು.

ಆ ಮಗು ಯಾರ ಮನೆಯದೆಂದು ನಮಗೆ ಚೆನ್ನಾಗಿಯೇ ಗೊತ್ತು. ಐದು ವರ್ಷದ ಹಿಂದೆ ಅವಳ ಹೆತ್ತವರ ತಲಾಕ್ ಮಾತುಕತೆ ನಡೆದ ಕೋಣೆಯಲ್ಲಿ ನಾವೂ ಕೂತಿದ್ದೆವು. ಹುಡುಗನ ಕಡೆಯವರು ಘಾಟಿ ಹತ್ತಿ ಎರಡು ಕಾರಿನಲ್ಲಿ ಬಂದಿದ್ದರು. ಹುಡುಗ ಬಂದಿರಲಿಲ್ಲ, ಫೋನಿನಲ್ಲಿದ್ದ. ಮಹರ್ ಬಾಕಿ ಎಷ್ಟು, ಇದ್ದತ್‌ನ ಖರ್ಚು ಎಷ್ಟು, ಚಿನ್ನ ಎಷ್ಟು ಪವನು, ಅದರಲ್ಲಿ ವಾಪಸ್ ಎಷ್ಟು ಎಂದು ಅಸರ್‌ನಿಂದ ಇಶಾವರೆಗೆ ಲೆಕ್ಕ ನಡೆಯಿತು. ಕೊನೆಗೆ ಛಾಪಾ ಕಾಗದದಲ್ಲಿ, ಇನ್ನು ಮುಂದೆ ಉಭಯ ಪಕ್ಷದವರಿಗೂ ಪರಸ್ಪರ ಯಾವ ಹಕ್ಕು ಬಾಧ್ಯತೆಯೂ ಇಲ್ಲ ಎಂದು ಬರೆಸಿ ಸಹಿ ಮಾಡಿಸಿದರು. ಸಾಕ್ಷಿಗಳ ಜಾಗದಲ್ಲಿ ನಮ್ಮ ಸಹಿಯೂ ಇದೆ. ಇಬ್ಬರು ಮಕ್ಕಳ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲ. ಜಗಳ ಬೇಗ ಮುಗಿಯಲಿ, ಎರಡೂ ಮನೆಯವರು ಸಲಾಂ ಹೇಳಿಕೊಂಡು ಎದ್ದು ಹೋಗಲಿ ಎಂಬುದೊಂದೇ ಅಂದು ನಮ್ಮ ತಲೆಯಲ್ಲಿದ್ದದ್ದು. ನಫಖದ ಪಾಠವನ್ನು ಓದಿ, ಎಷ್ಟೋ ಮಕ್ಕಳಿಗೆ ಓದಿಸಿದವರು ನಾವು. ಅಂದು ಬಾಯಿ ಬಿಡಲಿಲ್ಲ.

ಆ ಮೇಲೆ ಏಳೆಂಟು ತಿಂಗಳು ಯಾರದೋ ಕೈಯಲ್ಲಿ ಸ್ವಲ್ಪ ಸ್ವಲ್ಪ ಹಣ ಬಂತಂತೆ. ಆಮೇಲೆ ನಿಂತಿತು. ನಂಬರ್ ಬದಲಾಯಿತು. ತಾಯಿ ಬಟ್ಟೆ ಹೊಲಿಯುತ್ತಾಳೆ, ಗೃಹಲಕ್ಷ್ಮಿಯ 2,000 ಬರುತ್ತದೆ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ದಾಖಲಾತಿಯ ಮರುದಿನ ಬಂದು ಬಾಗಿಲಲ್ಲೇ ನಿಂತು ಕೇಳಿದಳು: "ಉಸ್ತಾದ್ರೆ, ನಾನು ಸೈನ್ ಹಾಕ್ಬಿಟ್ಟಿದ್ದೀನಲ್ಲ, ಇನ್ನು ಮಕ್ಕಳಿಗೆ ಅಂತ ಕೇಳೋಕ್ ಆಗುತ್ತಾ?"

ಉತ್ತರ ಹುಡುಕಲು ಹಾಸನದ, ಮಂಗಳೂರಿನ ವಕೀಲರ ಹತ್ತಿರ ಹೋದೆವು. ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಇದೇ ಕಷ್ಟದಲ್ಲಿರುವ ಮನೆಗಳವರನ್ನು ಕಂಡೆವು. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಹೀಗೆ 'ದುಬೈ' ಎಂದು ಬರೆಯುವ ಮಗು ಒಂದಾದರೂ ಇರಬಹುದು.

ಮೊದಲನೆಯದಾಗಿ, ಕೇಳಬಹುದು. ತಾಯಿ ಹಾಕಿದ ಸಹಿ ತಾಯಿಯದು. ಮಕ್ಕಳ ಹಕ್ಕನ್ನು ಅವಳು ಬರೆದುಕೊಡಲು ಆಗುವುದಿಲ್ಲ, ಕೋರ್ಟು ಅಂಥ ಕಾಗದಕ್ಕೆ ಬೆಲೆ ಕೊಡುವುದಿಲ್ಲ. ದೀನ್ ಕೂಡ ಅಷ್ಟೇ ಸ್ಪಷ್ಟ. ಸೂರಾ ಅಲ್‌ಬಖರಾದ 233ನೇ ಆಯತ್ ಮಗುವಿಗೆ ಹಾಲೂಡಿಸುವ ತಾಯಿಯ ಅನ್ನಬಟ್ಟೆಯ ಹೊಣೆಯನ್ನೂ ತಂದೆಯ ಮೇಲೆಯೇ ಹಾಕುತ್ತದೆ. ಸೂರಾ ಅತ್ತಲಾಕ್‌ನ 6 ಮತ್ತು 7ನೇ ಆಯತ್‌ಗಳು ಬಂದಿರುವುದೇ ತಲಾಕ್ ಆದ ಮೇಲಿನ ಸಂಗತಿಗಾಗಿ. ಇದ್ದವನು ಇದ್ದಂತೆ, ಇಲ್ಲದವನು ಇಲ್ಲದಂತೆ ಕೊಡಬೇಕು ಎಂಬ ಅಳತೆ ಅಲ್ಲಿದೆ. ಅಬೂಸುಫ್ಯಾನರ ಪತ್ನಿ ಹಿಂದ್ ಅವರು ಗಂಡನ ಜಿಪುಣತನದ ದೂರು ತಂದಾಗ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯವಾಗಿ ಅವರ ಹಣದಿಂದಲೇ ತೆಗೆದುಕೊಳ್ಳಲು ಪ್ರವಾದಿಯವರು (ಸ.ಅ.) ಅನುಮತಿಸಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಹಣ ಬ್ಯಾಂಕಿನಲ್ಲಿ, ಬ್ಯಾಂಕು ದುಬೈಯಲ್ಲಿ ಇದ್ದರೆ ಹಿಂದ್ ಅವರ ದಾರಿ ಹಿಡಿಯಲಾಗುವುದಿಲ್ಲ ಎಂಬುದು ಬೇರೆ ಮಾತು.

ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿವೆ. ಒಂದು, ಮಗುವಿಗೆ ಎರಡು ವರ್ಷ ಆಗುವವರೆಗೆ ಮಾತ್ರ ಖರ್ಚು ಎಂಬುದು. ಇದು ಬಂದದ್ದು 1986ರ ಮುಸ್ಲಿಂ ಮಹಿಳೆಯರ ಕಾಯ್ದೆಯಿಂದ. ಆ ಎರಡು ವರ್ಷದ ಮಾತು ತಾಯಿ ತನಗಾಗಿ ಕೇಳುವ ಹಣಕ್ಕೆ ಸೇರಿದ್ದು, ಮಕ್ಕಳ ಸ್ವಂತ ಹಕ್ಕಿಗೆ ಅದು ಅಡ್ಡಿಯಲ್ಲ ಎಂದು 1997ರಲ್ಲೇ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳು ಪ್ರಾಯಕ್ಕೆ ಬರುವವರೆಗೆ ಅಥವಾ ತಮ್ಮ ಕಾಲ ಮೇಲೆ ನಿಲ್ಲುವವರೆಗೆ, ಹೆಣ್ಣುಮಕ್ಕಳಾದರೆ ಮದುವೆಯವರೆಗೆ ತಂದೆ ಕೊಡಬೇಕು. ಎರಡನೆಯದು, "ಮಗುವನ್ನು ನಮಗೆ ಕೊಡ್ಲಿ, ಆಗ ನೋಡ್ಕೊಳ್ತೇವೆ" ಎಂಬ ಮಾತು. ಮಗು ತಾಯಿಯ ಹತ್ತಿರ ಬೆಳೆಯುತ್ತಿದ್ದರೂ ಖರ್ಚು ತಂದೆಯದೇ. ಹಳಾನತ್ ಬೇರೆ, ನಫಖ ಬೇರೆ. ಇದನ್ನು ಜಮಾಅತ್‌ನ ಹಿರಿಯರಿಗೆ ಹೇಳಬೇಕಾದವರು ನಾವು ಉಸ್ತಾದರು, ಖತೀಬರು. ಹೇಳಿದ್ದು ಕಡಿಮೆ.

ಹಿಂದಿನ ಸಿಆರ್‌ಪಿಸಿಯ 125ನೇ ಸೆಕ್ಷನ್ ಎಲ್ಲರೂ ಕೇಳಿದ್ದೇ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಅದೇ ಜುಲೈ 10ರಂದು ತೆಲಂಗಾಣದ ಒಂದು ಪ್ರಕರಣದಲ್ಲಿ, ತಲಾಕ್ ಆದ ಮುಸ್ಲಿಂ ಮಹಿಳೆಯೂ ಈ ಸೆಕ್ಷನ್ ಕೆಳಗೆ ತನಗಾಗಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪಿನ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆ ಆಯಿತು, ಆಗಲಿ. ಮಕ್ಕಳ ವಿಷಯದಲ್ಲಿ ಮಾತ್ರ ಚರ್ಚೆಗೆ ಜಾಗವೇ ಇಲ್ಲ.

ಅರ್ಜಿಯನ್ನು ಹುಡುಗನ ಊರಿಗೆ ಹೋಗಿ ಹಾಕಬೇಕಿಲ್ಲ. ತಾಯಿ ಈಗ ಎಲ್ಲಿ ವಾಸವಿದ್ದಾಳೋ ಅಲ್ಲಿಯ ಕೋರ್ಟಿನಲ್ಲೇ ಹಾಕಬಹುದು. ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇದ್ದರೂ ಸರಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಕಾಯ್ದೆ ಹಾಗೆ ಹೇಳುತ್ತದೆ. ಹಾಸನದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲೂಕು ಕೋರ್ಟುಗಳಲ್ಲಿ ಅದರ ಸಮಿತಿ ಇರುತ್ತದೆ, ಫೋನ್ ಮಾಡುವುದಾದರೆ 15100. ಹಾಸನಕ್ಕೆ ಹೋಗಿ ಬರುವ ಬಸ್ಸು ಹೇಗೂ ಶಕ್ತಿ ಯೋಜನೆಯಲ್ಲಿ ಫ್ರೀ. ನಮ್ಮ ಈ ತಾಯಿ ಹೇಳಿದಳು, "ಆಧಾರ್ ಕಾರ್ಡ್ ಒಂದಿದ್ರೆ ಕೋರ್ಟಿಗೆ ಹೋಗ್ಬರಬಹುದು ಅಂತ ಮೊದಲೇ ಗೊತ್ತಿದ್ರೆ ಅಣ್ಣನ ಹತ್ರ ಕೇಳೋದು ಬೇಡ ಅಂತ ಐದು ವರ್ಷ ಸುಮ್ನೆ ಕೂರ್ತಿರ್ಲಿಲ್ಲ."

ಆ ಐದು ವರ್ಷದ ಮಾತೇ ಈ ಬರಹದ ಮುಖ್ಯ ಸಂಗತಿ.

ಶಾಫಿಈ ಫಿಖ್ಹ್‌ನಲ್ಲಿ ಹೆಂಡತಿಯ ನಫಖ ಕೊಡದೆ ಉಳಿದರೆ ಅದು ಗಂಡನ ತಲೆಯ ಮೇಲೆ ಸಾಲವಾಗಿ ನಿಲ್ಲುತ್ತದೆ. ಮಕ್ಕಳ ನಫಖ ಹಾಗಲ್ಲ. ದಿನ ಕಳೆದರೆ ಆ ದಿನದ್ದು ಹೋಯಿತು. ಗುನಾಹ್ ಉಳಿಯುತ್ತದೆ, ಸಾಲ ಉಳಿಯುವುದಿಲ್ಲ. ಖಾಝಿಯವರು ಮೊತ್ತ ನಿಗದಿ ಮಾಡಿದ್ದರೆ ಅಥವಾ ತಂದೆ ಊರಲ್ಲಿಲ್ಲ, ಕೊಡುತ್ತಿಲ್ಲ ಎಂಬ ಕಾರಣಕ್ಕೆ ಸಾಲ ಎತ್ತಲು ಅನುಮತಿ ಕೊಟ್ಟಿದ್ದರೆ ಮಾತ್ರ ಅದು ಅವನ ಮೇಲೆ ಸಾಲವಾಗುತ್ತದೆ. ಇಮಾಂ ನವವಿಯವರ ಮಿನ್‌ಹಾಜ್‌ನಲ್ಲಿ ಈ ಮಸ್‌ಅಲ ಇದೆ. ದರ್ಸ್‌ನಲ್ಲಿ ಓದುವಾಗ, ಇದೇನು ಹೀಗೆ, ಮಗುವಿನ ಹಕ್ಕು ಹೆಂಡತಿಯ ಹಕ್ಕಿಗಿಂತ ಸಡಿಲವಾ ಎಂದು ನಮಗೆ ಅನಿಸಿತ್ತು. ಕೋರ್ಟು ಸುತ್ತಿದ ಮೇಲೆ ಅದರ ಅರ್ಥ ಬೇರೆ ಥರ ಕಾಣಿಸಿತು. ಮಗು ಇಂದು ಉಣ್ಣಬೇಕು, ಆದ್ದರಿಂದ ಇಂದೇ ಖಾಝಿಯ ಹತ್ತಿರ ಹೋಗು ಎಂದಂತೆ.

ದೇಶದ ಕಾನೂನೂ ಇದಕ್ಕೆ ಹತ್ತಿರದ ದಾರಿಯಲ್ಲೇ ನಡೆಯುತ್ತದೆ. 2020ರ ನವೆಂಬರ್ 4ರ ರಜ್ನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ತಾರೀಖಿನಿಂದ. ಅರ್ಜಿಯೇ ಹಾಕದ ವರ್ಷಗಳ ಬಾಕಿಯನ್ನು ಹೀಗೆ ಕೇಳಲು ಬರುವುದಿಲ್ಲ. ಇನ್ನು ಆದೇಶ ಆದ ಮೇಲೂ ಒಂದು ಗಡುವಿದೆ. ಬಾಕಿ ವಸೂಲಿಗೆ ವಾರಂಟ್ ಬೇಕಿದ್ದರೆ ಹಣ ಬಾಕಿಯಾದ ಒಂದು ವರ್ಷದೊಳಗೆ ಅಮಲ್ಜಾರಿ ಅರ್ಜಿ ಹಾಕಬೇಕು.

ಅರಕಲಗೂಡಿನ ಒಂದು ಮನೆಯಲ್ಲಿ ಆದದ್ದು ಇದೇ. ಇಬ್ಬರು ಮಕ್ಕಳಿಗೆ ಸೇರಿ ತಿಂಗಳಿಗೆ 6,000 ಎಂದು ಆದೇಶ ಆಗಿತ್ತು. ಆದೇಶದ ಕಾಗದ ಕಪಾಟಿನಲ್ಲಿ ಖುರ್‌ಆನ್ ಪಕ್ಕದಲ್ಲಿ ಜೋಪಾನವಾಗಿತ್ತು. ಸೌದಿಯಿಂದ ಅವನು ಬಂದಾಗ ನೋಡಿಕೊಳ್ಳೋಣ ಎಂದು ತಂದೆ ಸಮಾಧಾನ ಹೇಳುತ್ತಿದ್ದರು. 30 ತಿಂಗಳು ಕಳೆದ ಮೇಲೆ ವಕೀಲರ ಹತ್ತಿರ ಹೋದರು. ಒಟ್ಟು ಬಾಕಿ 1,80,000. ವಾರಂಟ್ ದಾರಿಯಲ್ಲಿ ಕೇಳಲು ಆದದ್ದು ಹಿಂದಿನ 12 ತಿಂಗಳದ್ದು, 72,000. ಉಳಿದ 1,08,000ದ ಹಕ್ಕು ಸತ್ತಿಲ್ಲ. ಆ ಗಡುವು ವಾರಂಟ್ ದಾರಿಗೆ ಮಾತ್ರ, ಹಕ್ಕಿಗಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಪೂಂಗೋಡಿ ಪ್ರಕರಣದಲ್ಲಿ ಹೇಳಿದೆ. ಆದರೆ ಆ ಇನ್ನೊಂದು ದಾರಿ ಉದ್ದ, ಆ ತಂದೆಗೆ ವಯಸ್ಸಾಗಿದೆ. ಆದೇಶ ಸಿಕ್ಕಿದವರು ವರ್ಷ ತುಂಬುವ ಮೊದಲು ಅಮಲ್ಜಾರಿ ಹಾಕಿ, ಅದನ್ನು ಜೀವಂತ ಇಟ್ಟುಕೊಳ್ಳಬೇಕು. ಝಕಾತ್‌ನ ಲೆಕ್ಕ ಮಾಡುವ ತಿಂಗಳಲ್ಲೇ ಇದರ ಲೆಕ್ಕವನ್ನೂ ಮಾಡಿದರೆ ಮರೆಯುವುದಿಲ್ಲ. ಆದೇಶದ ಪ್ರತಿಯನ್ನು ಕೋರ್ಟು ತಾಯಿಗೆ ಹಣ ತೆಗೆದುಕೊಳ್ಳದೆ ಕೊಡಬೇಕು ಎಂದೂ ಕಾನೂನಿನಲ್ಲಿದೆ, ಕೇಳಿ ಪಡೆಯಿರಿ.

ಈಗ ಸಮುದ್ರದ ಆಚೆಯ ಮಾತು. ಹಾಸನದ ಕೋರ್ಟು ದುಬೈಯ ಕಂಪೆನಿಗೆ, ಇವನ ಸಂಬಳದಲ್ಲಿ ಇಷ್ಟು ಹಿಡಿದು ಕಳಿಸಿ ಎಂದು ಹೇಳಲಾಗದು. ಮಕ್ಕಳ ಜೀವನಾಂಶವನ್ನು ದೇಶದಿಂದ ದೇಶಕ್ಕೆ ವಸೂಲು ಮಾಡಿಕೊಡಲೆಂದೇ 2007ರಲ್ಲಿ ಹೇಗ್‌ನಲ್ಲಿ ಒಂದು ಒಪ್ಪಂದ ಆಗಿದೆ. ಯುರೋಪ್, ಅಮೆರಿಕದ ಮಕ್ಕಳಿಗೆ ಅದು ಉಪಯೋಗಕ್ಕೆ ಬರುತ್ತಿದೆ. ಭಾರತ ಅದಕ್ಕೆ ಸೇರಿಲ್ಲ, ಯುಎಇ, ಸೌದಿಯೂ ಸೇರಿಲ್ಲ. ನಮ್ಮಲ್ಲಿರುವ 1921ರ ಜೀವನಾಂಶ ಆದೇಶಗಳ ಜಾರಿ ಕಾಯ್ದೆ ಬ್ರಿಟಿಷ್ ಸಾಮ್ರಾಜ್ಯದ ನಾಡುಗಳ ನಡುವಿನ ವ್ಯವಸ್ಥೆಗೆ ಮಾಡಿದ್ದು. ನಮ್ಮ ಹುಡುಗರು ಕೊಲ್ಲಿಗೆ ವಿಮಾನ ಹತ್ತುವ ಕಾಲ ಆಗಿನ್ನೂ ಬಂದೇ ಇರಲಿಲ್ಲ.

ಯುಎಇಯ ಜೊತೆ ಮಾತ್ರ ಒಂದು ಕಿಟಕಿ ತೆರೆದಿದೆ. 1999ರಲ್ಲಿ ಎರಡು ದೇಶಗಳ ನಡುವೆ ನ್ಯಾಯಾಂಗ ಸಹಕಾರದ ಒಪ್ಪಂದ ಆಯಿತು. 2020ರ ಜನವರಿ 17ರಂದು ಭಾರತ ಸರಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್‌ನ ಪಟ್ಟಿಗೆ ಸೇರಿಸಿತು. ಅಲ್ಲಿಯ ಕೋರ್ಟಿನ ಹಣದ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೆ ಹಾಕಬಹುದು ಎಂದು ಇದರ ಅರ್ಥ. ಸೌದಿ, ಕುವೈತ್, ಕತರ್ ಈ ಪಟ್ಟಿಯಲ್ಲಿಲ್ಲ. ಇಲ್ಲಿಯ ಆದೇಶವನ್ನು ಅಲ್ಲಿಗೆ ಒಯ್ಯುವುದಾದರೆ 1999ರ ಒಪ್ಪಂದವನ್ನೇ ಹಿಡಿಯಬೇಕು. ದೃಢೀಕೃತ ಪ್ರತಿ, ಅರಬಿ ಅನುವಾದ, ಅಟೆಸ್ಟೇಶನ್, ಅಲ್ಲಿ ಒಬ್ಬ ವಕೀಲ ಎಲ್ಲ ಬೇಕು. ತಿಂಗಳಿಗೆ 6,000ದ ಆದೇಶ ಹಿಡಿದುಕೊಂಡವಳಿಗೆ ಅನುವಾದದ ಖರ್ಚೇ ಭಾರ.

ಆದ್ದರಿಂದ ಗಂಡನ ಜೊತೆ ಅಲ್ಲೇ ವಾಸವಿರುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಸಂಸಾರ ಮುರಿಯುವ ಹಂತಕ್ಕೆ ಬಂದರೆ, ಟಿಕೆಟ್ ಮಾಡಿಸಿ ಊರಿಗೆ ಕಳಿಸುತ್ತೇನೆ ಎಂದಾಗ ಸುಮ್ಮನೆ ಬ್ಯಾಗು ಕಟ್ಟಬೇಡಿ. ದುಬೈ ಕೋರ್ಟಿನಲ್ಲಿ ಕುಟುಂಬ ಸಲಹಾ ವಿಭಾಗ ಇದೆ, ಮೊದಲು ರಾಜಿಗೆ ಅಲ್ಲೇ ಕೂರಿಸುತ್ತಾರೆ. ಅಲ್ಲಿಯ ಕಾನೂನಿನಲ್ಲೂ ಮಕ್ಕಳ ಖರ್ಚು ತಂದೆಯ ಮೇಲೆಯೇ. ಅಲ್ಲಿ ಆದ ಆದೇಶಕ್ಕೆ ಅವನ ಸಂಬಳ ಹತ್ತಿರ. ಊರಿಗೆ ಬಂದ ಮೇಲೆ ಅದೇ ಕೆಲಸಕ್ಕೆ ನಾಲ್ಕು ಪಟ್ಟು ಓಡಾಟ.

ಊರಲ್ಲೇ ಇರುವವರಿಗೆ ಕೈಗೆಟಕುವ ದಾರಿ ಅವನದೇ ಊರಿನಲ್ಲಿದೆ. ಚನ್ನರಾಯಪಟ್ಟಣದ ಒಬ್ಬ ತಾಯಿಯ ವಿಷಯ ಹೇಳಬೇಕು. ಹಣ ಬರುತ್ತಿದ್ದ ಕಾಲದ ಎಕ್ಸ್‌ಚೇಂಜ್ ಚೀಟಿಗಳನ್ನೆಲ್ಲ ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಜೊತೆಗೆ ಗಂಡನ ಪಾಸ್‌ಪೋರ್ಟಿನ ಜೆರಾಕ್ಸ್, ವೀಸಾದ ಪ್ರತಿ, ಅವನು ಊರಿನಲ್ಲಿ ತೆರೆದಿದ್ದ ಎನ್‌ಆರ್‌ಇ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟ. "ಯಾಕೆ ಇಟ್ಟಿದ್ಯೋ ಗೊತ್ತಿಲ್ಲ ಉಸ್ತಾದ್ರೆ, ಬಿಸಾಕೋಕೆ ಮನಸ್ಸು ಬರ್ಲಿಲ್ಲ" ಅಂದಳು. 'ನನಗೆ ಕೆಲಸವೇ ಇಲ್ಲ' ಎಂದು ಅವನ ಕಡೆಯ ವಕೀಲರು ಹೇಳಿದ ದಿನ ಆ ಡಬ್ಬಿ ಕೋರ್ಟಿಗೆ ಹೋಯಿತು. ಖಾತೆಯ ಮೇಲೆ ಜಪ್ತಿ ಬಂತು. ಆ ವರ್ಷದ ಬಾಕಿಯ ಮುಕ್ಕಾಲು ಭಾಗ ಅದರಲ್ಲೇ ಸಿಕ್ಕಿತು, ಉಳಿದದ್ದನ್ನು ರಜೆಗೆ ಬಂದಾಗ ಅವನೇ ಕಟ್ಟಿದ.

ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದು ಕೊಡಬೇಕೆಂದು ಅದೇ 2020ರ ತೀರ್ಪು ಹೇಳಿದೆ. ಅವನು ಸುಳ್ಳು ಬರೆದರೆ ಹಿಡಿಯಲು ಕಾಗದ ಬೇಕು. ಎಮಿರೇಟ್ಸ್ ಐಡಿ, ಸೌದಿಯಾದರೆ ಇಖಾಮ, ಕಂಪೆನಿಯ ಹೆಸರು, ಇವುಗಳ ಫೋಟೊ ಮದುವೆ ಚೆನ್ನಾಗಿರುವಾಗಲೇ ಮನೆಯಲ್ಲಿರಲಿ. ಇದು ಅಪನಂಬಿಕೆಯಲ್ಲ. ಅವನಿಗೇ ಅಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ರಾಯಭಾರ ಕಚೇರಿ ಮೊದಲು ಕೇಳುವುದೂ ಇವನ್ನೇ.

ಆಸ್ತಿಯ ವಿಷಯದಲ್ಲಿ ನಮ್ಮವರಿಗೆ ಒಂದು ಅಡಚಣೆ ಇದೆ. ಶರೀಅತ್ ಪ್ರಕಾರ ತಂದೆ ಬದುಕಿರುವಾಗ ಮಗನಿಗೆ ಮನೆಯಲ್ಲಿ ಹುಟ್ಟಿನಿಂದ ಬಂದ ಪಾಲು ಎಂಬುದಿಲ್ಲ. ಗಲ್ಫಿನ ಹಣದಲ್ಲಿ ಕಟ್ಟಿದ ಮನೆ ತಾಯಿಯ ಹೆಸರಲ್ಲೋ, ತಮ್ಮನ ಹೆಸರಲ್ಲೋ ಇದ್ದರೆ ಜಪ್ತಿಗೆ ಏನೂ ಸಿಗುವುದಿಲ್ಲ. ಅವನ ಸ್ವಂತ ಹೆಸರಿನ ಜಾಗ, ಬಾಡಿಗೆ ಅಂಗಡಿ, ಬ್ಯಾಂಕ್ ಖಾತೆ ಯಾವುದಿದೆ ಎಂದು ಹುಡುಕಬೇಕು. ಹಾಸನದ ಆದೇಶವನ್ನು ಅವನಿರುವ ಬಂಟ್ವಾಳದಲ್ಲೋ ಪುತ್ತೂರಿನಲ್ಲೋ ಜಾರಿ ಮಾಡಿಸಬಹುದು, 147ನೇ ಸೆಕ್ಷನ್ ಅದಕ್ಕೇ ಇರುವುದು. ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂದು ಕೆಲವರು ತಿಳಿದಿದ್ದಾರೆ. ತೀರುವುದಿಲ್ಲ, 1988ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿಯಾಗಿದೆ.

ನೋಟಿಸ್ ತಲುಪಿಸುವುದೇ ದೊಡ್ಡ ತಲೆನೋವು. ವಿದೇಶದ ವಿಳಾಸಕ್ಕೆ ಸರಕಾರದ ಮೂಲಕ ಹೋಗಿ ಬರುವಷ್ಟರಲ್ಲಿ ಮಗು ಒಂದು ಕ್ಲಾಸು ಮೇಲೆ ಹೋಗಿರುತ್ತದೆ. ಊರಿನ ಮನೆಯ ವಿಳಾಸ, ವಾಟ್ಸ್‌ಆ್ಯಪ್, ಇಮೇಲ್ ಎಲ್ಲವನ್ನೂ ಅರ್ಜಿಯಲ್ಲೇ ಕೊಡಬೇಕು. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಕೋರ್ಟಿಗೆ ಮನವರಿಕೆಯಾದರೆ ಅವನಿಲ್ಲದೆಯೇ ಆದೇಶ ಮಾಡಬಹುದು. ನೋಟಿಸ್ ಮುಟ್ಟಿದ ಮೇಲೆ 60 ದಿನದೊಳಗೆ ಮಧ್ಯಂತರ ಜೀವನಾಂಶದ ತೀರ್ಮಾನ ಆದಷ್ಟು ಆಗಬೇಕೆಂದಿದೆ. ಆದಷ್ಟು ಎಂಬ ಪದದ ಬಲ ಎಷ್ಟೆಂದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಪಾಸ್‌ಪೋರ್ಟ್ ಹಿಡಿಸಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಕೋರ್ಟು ತಾನೇ ಪಾಸ್‌ಪೋರ್ಟ್ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ. ಕೋರ್ಟಿನ ಸಮನ್ಸ್ ಅಥವಾ ವಾರಂಟ್ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ಅಧಿಕಾರಿ ಆ ಕ್ರಮ ತೆಗೆದುಕೊಳ್ಳಬಹುದು. ನಮ್ಮ ಕಡೆಯವರಿಗೆ ಅದು ಬೆಂಗಳೂರಿನ ಪ್ರಾದೇಶಿಕ ಕಚೇರಿ. ಇದನ್ನು ಕಡೆಯ ಅಸ್ತ್ರವಾಗಿಟ್ಟುಕೊಳ್ಳುವುದು ಒಳ್ಳೆಯದು. ಅವನ ವೀಸಾ ಹೋದರೆ ಸಂಬಳವೂ ಹೋಗುತ್ತದೆ, ಮಕ್ಕಳಿಗೆ ಬರುವುದೂ ಹೋಗುತ್ತದೆ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ, ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕದಲ್ಲಿ ದೂರು ಕೊಟ್ಟರೆ ರಾಯಭಾರ ಕಚೇರಿಯವರು ಅವನನ್ನು ಸಂಪರ್ಕಿಸುವ ಪ್ರಯತ್ನ ಮಾಡುತ್ತಾರೆ. ಹಣ ವಸೂಲು ಮಾಡುವ ಅಧಿಕಾರ ಅವರಿಗಿಲ್ಲ. ಆದರೂ ಕೆಲವರಿಗೆ ಎಂಬಸಿಯ ಒಂದು ಫೋನ್ ಸಾಕಾಗುತ್ತದೆ.

ತಂದೆಯರೆಲ್ಲ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಕಂಪೆನಿ ಮುಚ್ಚಿ, ತಿಂಗಳುಗಟ್ಟಲೆ ಸಂಬಳವಿಲ್ಲದೆ ರೂಮಿನಲ್ಲಿ ಕುಬ್ಬೂಸ್ ತಿಂದು ದಿನ ದೂಡಿದ ಹುಡುಗರನ್ನೂ ಕಂಡಿದ್ದೇವೆ. ಅಂಥವರು ನಂಬರ್ ಬದಲಾಯಿಸಬಾರದು. ಮೊತ್ತ ಕಡಿಮೆ ಮಾಡಿ ಎಂದು ಕೋರ್ಟಿಗೆ ಅರ್ಜಿ ಹಾಕಲು 146ನೇ ಸೆಕ್ಷನ್ ಇದೆ. ಕೊಡುವುದನ್ನು ಸಂಬಂಧಿಕರ ಕೈಯಲ್ಲಿ ಕಳಿಸದೆ ಬ್ಯಾಂಕಿಗೆ ಹಾಕಿದರೆ ಅವರಿಗೂ ದಾಖಲೆ.

ನಮ್ಮ ಜಮಾಅತ್ ಕಮಿಟಿಯ ಮುಂದೆ ಎರಡು ಮಾತು ಇಟ್ಟಿದ್ದೇವೆ. ಹುಡುಗ ಹೊರದೇಶದಲ್ಲಿದ್ದರೆ ನಿಕಾಹ್ ದಫ್ತರಿನಲ್ಲಿ ಅವನ ಪಾಸ್‌ಪೋರ್ಟ್ ನಂಬರ್, ಕಂಪೆನಿಯ ಹೆಸರು, ವಿಳಾಸ ಬರೆಯಬೇಕು. ತಲಾಕ್ ಅಥವಾ ಖುಲಾದ ಕಾಗದದಲ್ಲಿ ಮಕ್ಕಳ ಹೆಸರು, ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ ಎಂದು ಬರೆಯದೆ ಯಾರೂ ಸಾಕ್ಷಿ ಹಾಕಬಾರದು. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ, "ಅಷ್ಟೆಲ್ಲ ಬರೆಸೋಕೆ ಹೋದ್ರೆ ರಾಜಿಯೇ ಆಗೋಲ್ಲ ಉಸ್ತಾದರೇ" ಎಂದರು ಒಬ್ಬ ಹಿರಿಯರು. ಮುಂದಿನ ಮೀಟಿಂಗ್‌ಗೆ ಇಟ್ಟಿದ್ದಾರೆ.

ಹೊಳೆನರಸೀಪುರದ ಆ ತಾಯಿ ಅರ್ಜಿ ಹಾಕಿದ್ದಾಳೆ. ಪ್ರಾಧಿಕಾರದಿಂದ ಕೊಟ್ಟ ವಕೀಲರು ಯುವತಿ, ಚುರುಕಿನವರು. ಹುಡುಗನ ಮನೆಯ ವಿಳಾಸಕ್ಕೆ ನೋಟಿಸ್ ಮುಟ್ಟಿದೆ, ಅವನ ಕಡೆಯಿಂದ ವಕೀಲರೂ ಬಂದಿದ್ದಾರೆ. ಆಕ್ಷೇಪಣೆಯ ಜೊತೆ ಅವರು ಕೋರ್ಟಿಗೆ ಹಾಜರುಪಡಿಸಿದ್ದು ಆ ಛಾಪಾ ಕಾಗದವನ್ನೇ, ನಮ್ಮ ಸಹಿ ಇರುವುದನ್ನು. ಸಾಕ್ಷಿ ಹೇಳಲು ನಾವು ಹಾಸನಕ್ಕೆ ಹೋಗಬೇಕಾಗಿದೆ. ಅಂದು ಆ ಕೋಣೆಯಲ್ಲಿ ಮಕ್ಕಳ ಮಾತನ್ನು ಯಾರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ ಎಂದು ಹೇಳಿಬರುತ್ತೇವೆ.